ಅಧ್ಯಕ್ಷರು ಮಲಗಿದ ಮಂಚ

ಹಳೇ ಗ್ರಾಮಾಂತರ ಮಂಡಳಿಯ ಕಚೇರಿಯನ್ನು ಕೆಡವಬೇಕೋ ಉಳಿಸಬೇಕೋ ಎಂದು ನೋಡಲು ನಗರಸಭೆಯ ಸಾಹೇಬರು ಸಂಜೆ ಬರುತ್ತಾರೆ ಎಂಬ ಸುದ್ದಿ ಕೇಳಿ ಬೀಗದಪ್ಪ ಕಾಫಿ ಲೋಟ ಕೆಳಗಿಟ್ಟ. ಮಂಡಳಿ ನಗರಸಭೆಯ ಹೊಟ್ಟೆಗೆ ಸೇರಿದ ಮೇಲೆ ಆ ಕಟ್ಟಡದ ಕಾವಲು ಅವನದು, ವಾಸವೂ ಅಲ್ಲೇ. ಅಧ್ಯಕ್ಷರ ಕೋಣೆಯಲ್ಲಿ ಮಂಚ, ಸಭಾಂಗಣದಲ್ಲಿ ಅಡುಗೆ. ಕೆಡವಿದರೆ ಗಂಡ ಹೆಂಡತಿ ಬೀದಿಗೆ.

"ಇತಿಹಾಸ ಇದ್ರೆ ಉಳಿಸ್ತಾರಂತೆ ಕಣೇ."

"ಏನು ಮಣ್ಣು ಇತಿಹಾಸ? ಬರೀ ಜಗಳ ತಾನೇ?" ಎಂದಳು ಹೆಂಡತಿ.

ಸುಳ್ಳಲ್ಲ. ಮೇಲಿನ ಹಳ್ಳಿ, ಕೆಳಗಿನ ಹಳ್ಳಿ ಸೇರಿ ಆದ ಮಂಡಳಿ ಅದು. ಅವರು ಹೊಕ್ಕ ಬಾಗಿಲಲ್ಲಿ ಇವರು ಹೊಗುವುದಿಲ್ಲವೆಂದು ಕಚೇರಿಗೆ ಎರಡು ಬಾಗಿಲು ಇಡಿಸಿದರು. ಆಮೇಲೆ ಅಧ್ಯಕ್ಷರ ಕುರ್ಚಿ ಯಾವ ಬಾಗಿಲಿಗೆ ಮುಖ ಮಾಡಬೇಕೆಂದು ಚರ್ಚೆಗೆ ಕೂತರು. ಚರ್ಚೆ ಮುಗಿಯುವ ಮೊದಲೇ ಸರ್ಕಾರ ಮಂಡಳಿಯನ್ನೇ ಮುಗಿಸಿತು. ರಸ್ತೆ, ನೀರು, ದೀಪದ ಸರದಿ ಬರಲೇ ಇಲ್ಲ.

ಸುದ್ದಿ ತಿಳಿದು ಮೊದಲು ಓಡಿಬಂದವನು ಮೇಲಿನ ಹಳ್ಳಿಯ ಟೈಲರ್, ಹಳೇ ಅಧ್ಯಕ್ಷರ ಮೊಮ್ಮಗ. "ಇತಿಹಾಸ ಬೇಕೇನಯ್ಯಾ? ತಗೋ. ನಮ್ಮ ತಾತ ಜನಸೇವೆ ಮಾಡಿ ಮಾಡಿ ಮನೆಗೇ ಹೋಗ್ತಿರಲಿಲ್ಲ. ಈ ಮಂಚದ ಮೇಲೇ ಮಲಗ್ತಿದ್ರು."

"ಟೈಲರಣ್ಣಾ, ಇದು ನಮ್ಮ ಮಾವ ಮದುವೇಲಿ ಕೊಟ್ಟಿದ್ದು!"

"ನಿಮ್ಮ ಮಾವನ ಮುಖ ನೋಡಿ ಕಟ್ಟಡ ಉಳಿಸ್ತಾರಾ?"

ಕೆಳಗಿನ ಹಳ್ಳಿಯ ನಿವೃತ್ತ ಮೇಷ್ಟ್ರು ಸುಮ್ಮನಿರುತ್ತಾರೆಯೇ? ಅನ್ನದ ಪಾತ್ರೆ ಎತ್ತಿ ಹಿಡಿದರು. "ನಮ್ಮ ದೊಡ್ಡಪ್ಪ ಉಪಾಧ್ಯಕ್ಷರು. ಬರಗಾಲದಲ್ಲಿ ಊರಿಗೆಲ್ಲ ಗಂಜಿ ಬೇಯಿಸಿದ ಪಾತ್ರೆ ಇದು."

"ಅದ್ರಲ್ಲಿ ಬೇಯಿಸಿದ್ದು ನಮ್ಮಿಬ್ಬರಿಗೇ ಸಾಲಲ್ಲ, ಮೇಷ್ಟ್ರೇ!" ಎಂದಳು ಹೆಂಡತಿ.

"ಅದೇ ತಾಯಿ ಅವರ ದೊಡ್ಡತನ!"

ಮಧ್ಯಾಹ್ನದ ಹೊತ್ತಿಗೆ ಎರಡೂ ಹಳ್ಳಿಯ ಹಳೇ ಸದಸ್ಯರ ಮೊಮ್ಮಕ್ಕಳೆಲ್ಲ ಜಮಾಯಿಸಿದರು. ಕೊಡೆ, ಕಂಬಳಿ, ನೀರಿನ ಚೊಂಬು ಒಬ್ಬೊಬ್ಬ ಮಹಾನುಭಾವರ ಪಾಲಾದವು. ಪೊರಕೆಗೆ ಮಾತ್ರ ಇಬ್ಬರು ತಾತಂದಿರ ನಡುವೆ ಸ್ಪರ್ಧೆ ಬಿತ್ತು. ಬೀಗದಪ್ಪ ಎಲ್ಲವನ್ನೂ ಬಾಯಿಪಾಠ ಮಾಡಿದ.

ಸಾಹೇಬರು ಬಂದರು. ಬೀಗದಪ್ಪ ಒಪ್ಪಿಸಿದ. ಮಂಚದ ಮುಂದೆ ಅವರು ಚಪ್ಪಲಿ ಬಿಟ್ಟರು, ಪಾತ್ರೆಯ ಮುಂದೆ ಕಣ್ಣೊರೆಸಿಕೊಂಡರು. "ಇದನ್ನ ಕೆಡವೋದಾ? ಛೆ! ನಾಳೆಯಿಂದ್ಲೇ ಇದು ಸ್ಮಾರಕ."

ಬೀಗದಪ್ಪನಿಗೆ ಹೋದ ಜೀವ ಬಂದಂತಾಯಿತು.

"ಅಂದಹಾಗೆ, ಇಲ್ಲಿ ಯಾರಾದ್ರೂ ವಾಸ ಇದ್ದಾರಾ?"

"ನಾನೇ ಸ್ವಾಮಿ, ಹೆಂಡತಿ ಜೊತೆ."

ಸಾಹೇಬರ ಮುಖ ಕೆಂಪಾಯಿತು. "ಆ ಪುಣ್ಯಾತ್ಮರ ಮಂಚದ ಮೇಲೆ ನೀನು ಮಲಗ್ತೀಯಾ? ಆ ಪಾತ್ರೇಲಿ ಅನ್ನ ಮಾಡ್ಕೊಂಡು ತಿಂತೀಯಾ? ಈಗ್ಲೇ ಖಾಲಿ ಮಾಡು. ಒಂದು ಚೊಂಬೂ ಆಚೆ ಹೋಗಕೂಡದು!"

"ಸ್ವಾಮಿ, ಎಲ್ಲಾ ಸುಳ್ಳು! ಸಾಮಾನೆಲ್ಲ ನನ್ನದೇ. ಇವರ ತಾತಂದಿರು ಕುರ್ಚಿಗೆ ಕಚ್ಚಾಡಿದ್ದು ಬಿಟ್ರೆ ಒಂದು ಕಡ್ಡೀನೂ ಎತ್ತಿಡಲಿಲ್ಲ!"

"ಏನಂದೆ?" ಟೈಲರ್ ಅವನ ಎಡ ರಟ್ಟೆ ಹಿಡಿದ. "ಹಿರಿಯರನ್ನ ಹೀಗಳೀತೀಯಾ?" ಎಂದು ಮೇಷ್ಟ್ರು ಬಲ ರಟ್ಟೆ ಹಿಡಿದರು.

ಮಂಡಳಿ ಬದುಕಿದ್ದಷ್ಟು ಕಾಲ ಆ ಸಭಾಂಗಣ ಕಾಣದ ಒಮ್ಮತದ ನಿರ್ಣಯ ಅಂದು ಸಂಜೆ ಪಾಸಾಯಿತು, ಅಲ್ಲೇ ಜಾರಿಯೂ ಆಯಿತು. ಹೊರಗೆ ಹೆಂಡತಿಯ ಕಾಲ ಬಳಿ ಬಿದ್ದ ಬೀಗದಪ್ಪ ಎದ್ದು ಅಂಗಿಯ ಮಣ್ಣು ಕೊಡವಿಕೊಳ್ಳುವಷ್ಟರಲ್ಲಿ ಒಳಗಿನಿಂದ ಬೀಗ ಹಾಕಿದ ಸದ್ದು ಕೇಳಿಸಿತು.