ಎದುರು ಮನೆಯವಳ ಕಾರ್ಡು, ನನ್ನ ಕಾರ್ಡು

ಗಂಡು ಹೆಣ್ಣು ಕೂಡಿಸುವ ಕೆಲಸಕ್ಕೆ ಕೈಹಾಕಿದವರ ಮನೆಯಲ್ಲಿ ವಾರಕ್ಕೊಂದು ನಗುವ ಸಂಗತಿ ಆಗಿಯೇ ಆಗುತ್ತದೆ. ಆಗದಿದ್ದರೆ ಆ ವಾರ ಯಾರೂ ಹೆಣ್ಣು ನೋಡಲು ಹೋಗಿಲ್ಲ ಎಂದು ತಿಳಿಯಿರಿ. ನಾನು ಓದಿದ್ದು ಮೂರನೇ ಕ್ಲಾಸು. ಉಡುಪಿ ಕಡೆಯಿಂದ ಮುಂಬೈಯ ಸಾಂತಾಕ್ರೂಜಿಗೆ ಮದುವೆಯಾಗಿ ಬಂದವಳು, ನಮ್ಮ ಹೋಟೆಲಿನವರ ಮನೆಗಳಲ್ಲಿ ಎಷ್ಟೋ ಸಂಬಂಧ ಕುದುರಿಸಿದ್ದೇನೆ, ಬರೀ ಬಾಯಲ್ಲಿ. ಕಾರ್ಡು ಗೀರ್ಡು ಏನೂ ಇರಲಿಲ್ಲ. ಆ ಗ್ರಹಚಾರ ಶುರುವಾದದ್ದು ಎದುರು ಮನೆಯವಳಿಂದ.

೧. ಚಿನ್ನದ ಅಕ್ಷರ

ಎದುರು ಮನೆಯವಳು ನನಗಿಂತ ಹದಿನೈದು ವರ್ಷ ಚಿಕ್ಕವಳು. ಸಂಬಂಧ ನೋಡುವುದನ್ನು ಕಲಿತದ್ದು ನನ್ನ ಅಡುಗೆಮನೆಯಲ್ಲಿ, ನನ್ನದೇ ಚಹಾ ಕುಡಿದು. ಒಂದು ದಿನ ಬಾಗಿಲು ತಟ್ಟಿ ವಿಸಿಟಿಂಗ್ ಕಾರ್ಡು ಕೊಟ್ಟಳು. ಚಿನ್ನದ ಅಕ್ಷರದಲ್ಲಿ ಅವಳ ಹೆಸರು, ಕೆಳಗೆ ‘ಮ್ಯಾರೇಜ್ ಕನ್ಸಲ್ಟೆಂಟ್’.

“ಹಾಗೆಂದರೆ ಏನೇ?”

“ನೀವು ಮಾಡ್ತೀರಲ್ಲ ಅಕ್ಕಾ, ಅದೇ. ಇಂಗ್ಲಿಷಿನಲ್ಲಿ.”

ಸುಳ್ಳು ಯಾಕೆ ಹೇಳಲಿ, ನನ್ನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಸಾಲದ್ದಕ್ಕೆ ನಮ್ಮ ಕಡೆಯ ದೊಡ್ಡ ಹೋಟೆಲ್ ಯಜಮಾನರೊಬ್ಬರು ಒಬ್ಬಳೇ ಮಗಳಿಗೆ ಗಂಡು ಹುಡುಕುತ್ತಿದ್ದರು. ನಮ್ಮಿಬ್ಬರಿಗೂ ಹೇಳಿದರು: “ಭಾನುವಾರ ತಮ್ಮನ ಮಗನ ಮದುವೆ. ಇಬ್ಬರೂ ಬಂದು ಕಾರ್ಡು ಕೊಡಿ. ಮಗಳು ಯಾರನ್ನು ಹೇಳ್ತಾಳೋ ಅವರೇ ನೋಡಲಿ.”

ಆ ಮನೆಯ ಸಂಬಂಧ ಎದುರು ಮನೆಯವಳ ಕೈಗೆ ಹೋದರೆ ಉಳಿದ ಹೋಟೆಲಿನವರೆಲ್ಲ ಅವಳ ಬಾಗಿಲಿಗೇ. ನನ್ನ ಬಾಗಿಲಿಗೆ ಹಾಲಿನವನು ಮಾತ್ರ.

ಅವಳು ಕಾರ್ಡನ್ನು ಮೀನಿನವಳಿಗೂ ಕೊಟ್ಟಿದ್ದಳು. ಮೀನಿನವಳು ಅದರ ಮೇಲೆ ಸುಣ್ಣ ಇಟ್ಟುಕೊಂಡು ವೀಳ್ಯದೆಲೆಗೆ ಹಚ್ಚುವುದನ್ನು ಕಣ್ಣಾರೆ ನೋಡಿದ ಮೇಲೆಯೇ ನನಗೆ ಅವತ್ತಿನ ಊಟ ಸೇರಿದ್ದು.

೨. ಬಣ್ಣ

ನನ್ನ ತಂಗಿಯ ಮೊಮ್ಮಗಳು ಕಂಪ್ಯೂಟರಿನಲ್ಲಿ ಕಾರ್ಡು ಡಿಸೈನ್ ಮಾಡುತ್ತಾಳೆ. ಹುಟ್ಟಿದ್ದು ಬೆಳೆದದ್ದು ಇಲ್ಲೇ. ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಅವಳ ಪಕ್ಕದಲ್ಲೇ ಕುರ್ಚಿ ಹಾಕಿ ಕುಳಿತೆ.

“ಕುಂಕುಮದ ಬಣ್ಣ ಹಾಕು ಮಗಾ. ಎದುರು ಮನೆಯವಳ ಕಣ್ಣು ಕುಕ್ಕಬೇಕು.”

ಪರದೆಯ ಮೇಲೆ ಕುಂಕುಮವೇ. ಬೈಕುಲ್ಲಾದ ಪ್ರೆಸ್ಸಿನಿಂದ ಸ್ಯಾಂಪಲ್ ಬಂದಾಗ ಮಾತ್ರ ಹಳೇ ಇಟ್ಟಿಗೆ.

“ಸಾರಿ ಅಜ್ಜಿ. ಸ್ಕ್ರೀನ್ ಕಲರ್ ಅಲಗ್, ಪ್ರಿಂಟ್ ಕಲರ್ ಅಲಗ್. ಕಳಿಸೋ ಮುಂಚೆ ಬದಲಿಸ್ಬೇಕಿತ್ತು, ಮರೆತೆ.”

“ಅದನ್ನು ನನಗೆ ಹೇಳಿಕೊಡಬೇಡ ಮಾರಾಯ್ತಿ. ಹೆಣ್ಣು ನೋಡಲು ಹೋದ ದಿನದ ಬಣ್ಣ ಬೇರೆ, ಮದುವೆಯ ಮರುದಿನ ಮುಖ ತೊಳೆದ ಮೇಲಿನ ಬಣ್ಣ ಬೇರೆ. ಎಷ್ಟು ಮನೆಯಲ್ಲಿ ಬೈಸಿಕೊಂಡಿದ್ದೇನೆ!”

೩. ಇಲಿ

ಬಣ್ಣ ಸರಿಮಾಡಿ ಎರಡನೇ ಸಲ ಕಳಿಸಿದಳು. ನಾನು ಕಾರ್ಡಿನಲ್ಲಿ ಬರೆಸಿದ್ದ ಸಾಲು, ‘ಇಲ್ಲಿ ಗಂಡು ಹೆಣ್ಣು ಸಿಗುತ್ತದೆ’. ಬಂದ ಸ್ಯಾಂಪಲ್ ಕನ್ನಡಕ ಹಾಕಿ ಓದಿದೆ: ‘ಇಲಿ ಗಂಡು ಹೆಣು ಸಿಗುತದೆ’. ಒತ್ತಕ್ಷರ ಒಂದೂ ಇಲ್ಲ, ಎಲ್ಲ ಉದುರಿಹೋಗಿದ್ದವು.

ಪ್ರೆಸ್ಸಿನವನಿಗೆ ಫೋನ್ ಮಾಡಿ ಬೈದರೆ ಅವನು, “ಮಾಜೀ, ಹಮ್ಕೋ ಕ್ಯಾ ಮಾಲೂಮ್? ಆಪ್ಕಾ ಸಬ್ ಅಕ್ಷರ್ ಜಲೇಬೀ ಲಗ್ತಾ ಹೈ” ಎಂದ. ನಮ್ಮ ಅಕ್ಷರವೆಲ್ಲ ಅವನ ಕಣ್ಣಿಗೆ ಜಿಲೇಬಿಯಂತೆ.

ಹುಡುಗಿ ತಲೆ ಚಚ್ಚಿಕೊಂಡಳು. “ಅವರ ಹತ್ರ ನಮ್ಮ ಕನ್ನಡ ಫಾಂಟ್ ಇಲ್ಲ ಅಜ್ಜಿ. ಅಕ್ಷರ ಎಲ್ಲಾ ಡ್ರಾಯಿಂಗ್ ಮಾಡಿ ಕಳಿಸಿದ್ರೆ ಒಡೆಯಲ್ಲ.”

“ಮೊದಲೇ ಹೇಳಬಾರದಿತ್ತಾ?”

ಅಷ್ಟರಲ್ಲಿ ಎದುರು ಮನೆಯವಳು ಸಕ್ಕರೆ ಕೇಳುವ ನೆಪದಲ್ಲಿ ಒಳಗೆ ಬಂದು, ಮೇಜಿನ ಮೇಲಿನ ಕಾರ್ಡು ಎತ್ತಿ ಓದಿದಳು. ಮುಖದಲ್ಲಿ ಒಂದು ನಗೆಯಿಲ್ಲ.

“ಅಕ್ಕಾ, ನಮ್ಮ ಗ್ಯಾಸ್ ಕಟ್ಟೆಯ ಕೆಳಗೆ ಒಂದು ಹೆಣ್ಣಿಲಿ ಉಂಟು. ಒಳ್ಳೇ ಮನೆತನ. ಯಾವುದಾದರೂ ಗಂಡು ಇದ್ದರೆ ನೋಡಿ.”

೪. ಅಂಚು

ಇನ್ನು ಸುಮ್ಮನಿರುವವಳಲ್ಲ ನಾನು. ಎದುರು ಮನೆಯವಳು ಎರಡನೇ ಮದುವೆಯ ಸಂಬಂಧವನ್ನೂ ನೋಡುತ್ತಾಳೆ. ನನ್ನದು ಹಾಗಲ್ಲ ಎಂದು ಯಜಮಾನರ ಮಗಳಿಗೆ ತಿಳಿಯಲಿ ಎಂದು ಆ ಇಲಿಯ ಸಾಲನ್ನೇ ತೆಗೆಸಿ, ‘ಅವಿವಾಹಿತರಿಗೆ ಮಾತ್ರ’ ಎಂದು ದಪ್ಪಕ್ಕೆ ಹಾಕಿಸಿದೆ.

“ಅಜ್ಜಿ, ಅಕ್ಷರ ಈ ಗೆರೆಯ ಒಳಗೇ ಇರ್ಬೇಕು. ಸುತ್ತ ಜಾಗ ಖಾಲಿ ಬಿಡ್ಬೇಕು. ಮಶೀನ್ ಅಂಚು ಕಟ್ ಮಾಡುತ್ತೆ.”

“ಖಾಲಿ ಬಿಡುವುದಾ? ಮುಂಬೈಯಲ್ಲಿ ಬಾಲ್ಕನಿ ಮುಚ್ಚಿ ರೂಮು ಮಾಡುವವರು ನಾವು. ಅಕ್ಷರ ಇನ್ನೂ ದೊಡ್ಡದು ಮಾಡು.”

ಕಾರ್ಡಿನ ಬಲಗಡೆ ಗಣಪತಿ ಕೂತಿದ್ದ. ಅವನನ್ನು ಸರಿಸುವ ಹಾಗಿಲ್ಲ. ಹಾಗಾಗಿ ಸಾಲನ್ನೇ ಎಡಕ್ಕೆ, ಅಂಚಿನವರೆಗೂ ತಳ್ಳಿಸಿದೆ.

ಕಾರ್ಡಿನ ಡಬ್ಬಿ ಬಂದದ್ದು ಭಾನುವಾರ ಬೆಳಿಗ್ಗೆ, ನಾನು ರಿಕ್ಷಾ ಹತ್ತುವಾಗ. ಗಣಪತಿ ಚೆನ್ನಾಗಿ ಬಂದಿದ್ದ, ಬಣ್ಣ ಕುಂಕುಮದಂತಿತ್ತು. ಕನ್ನಡಕ ಮನೆಯಲ್ಲೇ ಉಳಿದಿತ್ತು. ಮದುವೆ ಮಂಟಪದಲ್ಲಿ ಹಂಚಿದೆ ನೋಡಿ! ಗಂಡಸರು ಕಾರ್ಡು ಓದುವುದು, ನನ್ನ ಮುಖ ನೋಡುವುದು, ಆಚೆ ಈಚೆ ನೋಡಿ ಒಳ ಜೇಬಿಗೆ ಹಾಕುವುದು. ಯಜಮಾನರಂತೂ ಎರಡು ಸಲ ಓದಿ ಕೈಮುಗಿದರು. ಎದುರು ಮನೆಯವಳ ಚಿನ್ನದ ಕಾರ್ಡುಗಳು ಊಟದ ಮೇಜಿನ ಮೇಲೆಯೇ ಬಿದ್ದಿದ್ದವು. ನಾನು ಎರಡು ಹೋಳಿಗೆ ಹೆಚ್ಚಿಗೆ ತಿಂದೆ.

ಸೋಮವಾರ ಫೋನು. ಫೋರ್ಟ್ ಕಡೆಯ ಒಬ್ಬ ಹೋಟೆಲ್ ಮ್ಯಾನೇಜರು, ದನಿ ಇಳಿಸಿ: “ಅಮ್ಮಾ, ಹೆಂಡತಿ ಊರಿಗೆ ಹೋದ ಮೇಲೆ ಬಂದು ಕಾಣಲಾ?”

“ಹೆಂಡತಿ ಇದ್ದವನಿಗೆ ನನ್ನ ಹತ್ತಿರ ಏನು ಕೆಲಸ?”

“ಕಾರ್ಡಿನಲ್ಲಿ ನೀವೇ ಬರೆಸಿದ್ದೀರಲ್ಲ ಅಮ್ಮಾ!”

ಕನ್ನಡಕ ಹುಡುಕಿ ಓದಿದೆ. ಮಶೀನು ಎಡಗಡೆಯ ಒಂದೇ ಒಂದು ‘ಅ’ವನ್ನು ನುಂಗಿತ್ತು. ಉಳಿದದ್ದು ‘ವಿವಾಹಿತರಿಗೆ ಮಾತ್ರ’.

ಮಧ್ಯಾಹ್ನ ಯಜಮಾನರ ಹೆಂಡತಿಯ ಫೋನು. “ನಮ್ಮವರ ಪರ್ಸಿನಲ್ಲಿ ನಿಮ್ಮ ಕಾರ್ಡು ಯಾಕೆ ಉಂಟು? ಅದೂ ನೋಟಿನ ಹಿಂದೆ?” ನಾನು ಮಶೀನು, ಅಂಚು, ಗಣಪತಿ ಎಂದೆಲ್ಲ ಹೇಳಿದೆ. ಆಕೆ ನಂಬಲಿಲ್ಲ. ಮಗಳ ಸಂಬಂಧ ನೋಡುವ ಕೆಲಸ ಎದುರು ಮನೆಯವಳಿಗೆ ಹೋಯಿತು. ಸಂಜೆ ಅವಳು ಪೇಡೆಯ ಡಬ್ಬಿ ತಂದು, “ನಿಮ್ಮ ಆಶೀರ್ವಾದ ಅಕ್ಕಾ” ಎಂದು ನನ್ನ ಕಾಲಿಗೆ ಬಿದ್ದಳು. ಆ ಡಬ್ಬಿಯನ್ನು ಹಾಗೇ ಹಾಲಿನವನಿಗೆ ಕೊಟ್ಟೆ.

ಮಂಗಳವಾರ ಅವಳು ಗಂಡಿನ ಜಾತಕ ಹಿಡಿದು ಯಜಮಾನರ ಮನೆಗೆ ಹೊರಟಳು. ಲಿಫ್ಟು ಕೆಳಗೆ ಮುಟ್ಟಿರಲಿಲ್ಲ, ನನ್ನ ಬಾಗಿಲು ಮೆಲ್ಲಗೆ ತಟ್ಟಿದ ಸದ್ದು. ತೆರೆದರೆ ಅವಳ ಗಂಡ. ಇಸ್ತ್ರಿ ಅಂಗಿ, ತಲೆಗೆ ಎಣ್ಣೆ, ಕೈಯಲ್ಲಿ ನನ್ನ ಕಾರ್ಡು.

“ಅಕ್ಕಾ,” ಎಂದರು ನೆಲ ನೋಡುತ್ತಾ, “ನಾನು ವಿವಾಹಿತ.”

“ಗೊತ್ತು ಮಾರಾಯರೇ. ನಿಮ್ಮ ಬಾಗಿಲು ತೆಳು, ದಿನಾ ಕೇಳಿಸುತ್ತದೆ.”

“ಹಾಗಾದರೆ... ನನಗೆ ಆಗುತ್ತದಾ?”

ನಿಜ ಹೇಳಿ ಕಳಿಸಬೇಕಿತ್ತು. ಆದರೆ ಹೊಟ್ಟೆಯಲ್ಲಿದ್ದ ಬೆಂಕಿ ಆಗ ತಾನೇ ತಣ್ಣಗಾಗುತ್ತಿತ್ತು.

“ನೋಡೋಣ,” ಎಂದೆ. “ಜಾತಕ ಉಂಟಾ?”

“ಹಿಡಿದುಕೊಂಡೇ ಬಂದಿದ್ದೇನೆ ಅಕ್ಕಾ,” ಎಂದು ಅಂಗಿಯ ಒಳಗಿನಿಂದ ತೆಗೆದರು.