ಬಾಸ್ ಒಂಚೂರು ಜಾಸ್ತಿಯಾಯ್ತು

“ಈ ಸ್ಪೀಕರುಗಳಿಗೆ ಬಾಯಿ ಅಷ್ಟೇ ಅಲ್ಲ, ಕಿವೀನೂ ಇಟ್ಟಿದ್ದೀನಿ!” ಎಂದು ಪಂಚಾಕ್ಷರಿ ಬೀಗರೆದುರು ಎದೆಯುಬ್ಬಿಸಿ ನಿಂತಾಗಲೇ ಅವನ ಹೆಂಡತಿ ಸರ್ವಮಂಗಳಳ ಎದೆ ಧಸಕ್ಕೆಂದಿತು.

ಅಂದು ಮಗಳು ಚಿನ್ಮಯಿಯ ನಿಶ್ಚಿತಾರ್ಥ. ತುಮಕೂರಿನ ಆ ಮನೆಯ ಹಜಾರದಲ್ಲಿ ಗಂಡಿನ ಕಡೆಯವರು ತುಂಬಿಕೊಂಡಿದ್ದರು. ಸಣ್ಣಗೆ ನಾದಸ್ವರ ಹಾಕಿ ಸುಮ್ಮನಿರಿ ಎಂದು ಅವಳು ಬೆಳಗಿನಿಂದ ಹೇಳಿದ್ದಳು. ಆದರೆ ಊರಿನ ಮೈಕ್‌ಸೆಟ್‌ಗಳನ್ನೆಲ್ಲ ರಿಪೇರಿ ಮಾಡಿದ ಮನುಷ್ಯ, ತಾನೇ ಕಟ್ಟಿದ ಸ್ಟೀರಿಯೊ ಆಂಪ್ಲಿಫೈಯರನ್ನು ತೋರಿಸದೆ ಬಿಟ್ಟಾನೆಯೇ? ಎಡಗಡೆಯ ಸ್ಪೀಕರು ಬೀಗರ ಸೋಫಾದ ಹಿಂದೆ, ಬಲಗಡೆಯದು ಅಡುಗೆಮನೆಯ ಬಾಗಿಲಲ್ಲಿ!

“ಇದು ವಾಲ್ಯೂಮು. ಇದು ಬ್ಯಾಲೆನ್ಸು, ಎಡಕ್ಕೆ ಬಲಕ್ಕೆ ಹಂಚೋಕೆ. ಇದು ನೋಡಿ, ಬಾಸ್ ಅಂದ್ರೆ ಗಡಸು ದನಿಯ ತಿರುಪು! ಕಿವಿಗೆ ಬೀಳದ ಸದ್ದನ್ನೂ ಹಿಡಿದು ಎತ್ತಿಕೊಡುತ್ತೆ.”

“ರೀ, ಅರ್ಧಕ್ಕಿಂತ ಜಾಸ್ತಿ ತಿರುಗಿಸ್ಬೇಡಿ.”

“ನಿಂಗೇನ್ ಗೊತ್ತಾಗುತ್ತೆ, ಸುಮ್ನಿರೇ!” ಎಂದವನು ಬಾಸನ್ನು ಕೊನೆಯವರೆಗೂ ತಿರುಗಿಸಿದ.

ನಾದಸ್ವರ ಆನೆ ಘೀಳಿಟ್ಟಂತೆ ಹೊರಟಿತು! ಸ್ಟೀಲ್ ಲೋಟಗಳು ಮೇಜಿನ ಮೇಲೆ ಮೆರವಣಿಗೆ ಹೊರಟವು. ಬೀಗರು ಕಾಫಿಯನ್ನು ಬಾಯಿಗೆಂದು ಎತ್ತಿ ಅಂಗಿಯ ಜೇಬಿಗೆ ಸುರಿದುಕೊಂಡರು. ಸರ್ವಮಂಗಳ ಒರೆಸುವ ಬಟ್ಟೆಗೆಂದು ಅಡುಗೆಮನೆಗೆ ಓಡಿದಳು. ಅಲ್ಲಿ ಪೂರಿ ಕರಿಯುತ್ತಿದ್ದ ತಂಗಿಯ ಕಿವಿಯಲ್ಲಿ, ತಡೆಯಲಾರದೆ, ಏನೋ ಒಂದು ಮಾತು ಉಸುರಿದಳು.

ಮರುಕ್ಷಣವೇ ಬಲಗಡೆಯ ಸ್ಪೀಕರು ಗುಡುಗಿತು: “ಬೀಗಿತ್ತಿ ಸೀರೆ ನೋಡಿದ್ಯಾ? ಕಿಟಕಿ ಪರದೆ ಬಿಚ್ಚಿ ಉಟ್ಕೊಂಡ್ ಬಂದಂಗಿದೆ!”

ಬೀಗಿತ್ತಿ ಹಾಲಮ್ಮ ತಲೆ ತಗ್ಗಿಸಿ ತಮ್ಮ ಸೆರಗನ್ನೇ ನೋಡಿಕೊಂಡರು. ಸರ್ವಮಂಗಳಳಿಗೆ ಹಿಟ್ಟಿನ ಡಬ್ಬದೊಳಗೆ ಕೂತು ಮುಚ್ಚಳ ಹಾಕಿಕೊಳ್ಳೋಣ ಎನಿಸಿತು. ಮಗಳ ಸಂಬಂಧವನ್ನು ಒಂದು ಪರದೆಗೆ ಸುತ್ತಿ ಬಿಸಾಡಿಬಿಟ್ಟೆನಲ್ಲ!

“ಬಲಕ್ಕೆ ಕಮ್ಮಿ ಮಾಡ್ರೀ!” ಎಂದು ಬಾಗಿಲಿನಿಂದಲೇ ಕಿರುಚಿದಳು.

ಪಂಚಾಕ್ಷರಿ ಗಾಬರಿಯಲ್ಲಿ ಬ್ಯಾಲೆನ್ಸನ್ನು ಪೂರ್ತಿ ಎಡಕ್ಕೆ ತಿರುಗಿಸಿದ. ಆಗಷ್ಟೇ ಹಾಲಮ್ಮ ಗಂಡನ ಕಡೆ ಬಾಗಿದ್ದರು. ಸೋಫಾದ ಹಿಂದಿನಿಂದ ಅವರ ದನಿ ಮೊಳಗಿತು: “ಇವರ ಉಪ್ಪಿಟ್ಟಲ್ಲಿ ಗೋಡೆಗೆ ಗಾರೆ ಮಾಡ್ಬಹುದು!”

ಈಗ ಅವರ ಮುಖವೂ ಕೆಂಪಾಯಿತು. ಇಬ್ಬರು ಬೀಗಿತ್ತಿಯರೂ ಒಬ್ಬರನ್ನೊಬ್ಬರು ನೋಡಲಾರದೆ ಮೇಜಿನ ತಟ್ಟೆಯ ಒಂದೇ ಲಾಡುವನ್ನು ದಿಟ್ಟಿಸತೊಡಗಿದರು.

“ಆಫ್ ಮಾಡಿ ಮಾರಾಯ್ರೇ!” ಎಂದರು ಬೀಗರು.

ವಾಲ್ಯೂಮಿನ ತಿರುಪು ಪಂಚಾಕ್ಷರಿಯ ಕೈಗೇ ಕಿತ್ತು ಬಂತು! ಪ್ಲಗ್ ಕಿತ್ತ. ಒಳಗೆ ತುಂಬಿಕೊಂಡ ಕರೆಂಟಿಗೆ ಪೆಟ್ಟಿಗೆ ಇನ್ನೂ ಜೋರಾಗಿ ಹೂಂಕರಿಸಿತು. ಆ ಗದ್ದಲದಲ್ಲಿ ಚಿನ್ಮಯಿ ಗಂಡಿನ ಕಿವಿಯಲ್ಲಿ ಪಿಸುಗುಟ್ಟಿದ್ದು ಬೀದಿಗೆಲ್ಲ ಕೇಳಿಸಿತು: “ಇವರಿಬ್ಬರ ಜಗಳ ಮುಗಿಯೋದಲ್ಲ. ನಾಳೆ ರಿಜಿಸ್ಟ್ರಾರ್ ಆಫೀಸಿಗೆ ಹೋಗಿಬಿಡೋಣ್ವಾ?”

“ಬೇಡಮ್ಮಾ!” ಎಂದು ಇಬ್ಬರು ತಾಯಂದಿರೂ ಒಟ್ಟಿಗೆ ಕೂಗಿದರು. ಹಾಲಮ್ಮ ತಾವೇ ಬಂದು ಸರ್ವಮಂಗಳಳ ಕೈ ಹಿಡಿದರು. “ಸೀರೆ ನನ್ನ ಮೈದುನನ ಆಯ್ಕೆ. ನಂಗೂ ಹಂಗೇ ಅನಿಸ್ತಿತ್ತು ಬಿಡಿ.”

“ಉಪ್ಪಿಟ್ಟಿಗೆ ನೀರು ಕಮ್ಮಿಯಾಗಿತ್ತು ಅಕ್ಕಾ,” ಎಂದಳು ಸರ್ವಮಂಗಳ, ನೆಲ ನೋಡುತ್ತ. ತಾಂಬೂಲ ಬದಲಾಯಿತು.

ಬೀಗರು ಹೊರಟ ಮೇಲೆ ಪಂಚಾಕ್ಷರಿ ಪೆಟ್ಟಿಗೆಯ ತಂತಿಗಳನ್ನೆಲ್ಲ ಬಿಚ್ಚಿದ. ಹೆಂಡತಿಯ ಬಳಿ ಬಂದು, ಮುಖ ಸಣ್ಣದು ಮಾಡಿಕೊಂಡು, ಮದುವೆಯಾದಂದಿನಿಂದ ಒಮ್ಮೆಯೂ ಆಡದ ಮಾತನ್ನು ಅತಿ ಮೆತ್ತಗೆ ಆಡಿದ.

ಆದರೆ ಅಷ್ಟು ಹೊತ್ತಿನ ಬಾಸ್, ಕೊಳಾಯಿ ಪೈಪಿನೊಳಗಿಂದ ಹತ್ತಿ ಮಾಳಿಗೆಯ ನೀರಿನ ಟ್ಯಾಂಕಿನಲ್ಲಿ ಸೇರಿಕೊಂಡಿತ್ತು. ಟ್ಯಾಂಕು ಇಡೀ ಬಡಾವಣೆಗೆ ಕೇಳುವಂತೆ ಮೊಳಗಿತು: “ತಪ್ಪಾಯ್ತು ಕಣೇ... ಇನ್ಮೇಲೆ ನೀನು ಹೇಳ್ದಂಗೇ ಕೇಳ್ತೀನಿ!”

ಸಾಲುಮನೆಗಳ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ಪಂಚಾಕ್ಷರಿ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ.

ಸರ್ವಮಂಗಳ ಬೀದಿಯ ಆ ತುದಿಯವರೆಗೆ ಕಣ್ಣು ಹಾಯಿಸಿ ಹೇಳಿದಳು: “ಇನ್ನೊಂದ್ ಸಲ ಹೇಳಿ. ಆ ಕೊನೇ ಮನೆಯವರು ಇನ್ನೂ ಕಿಟಕಿ ತೆಗೆದಿಲ್ಲ.”