ಮಾಮಾ ಬಿಚ್ಚಿಸಿದ ಹಿಂದಿನ ಸೀಟು

ಕಳೆದ ಯುಗಾದಿಯ ಮರುದಿನ ಬೆಳಿಗ್ಗೆ ವಾಡಿಯ ಒಂದು ಗ್ಯಾರೇಜಿನಲ್ಲಿ ನಮ್ಮ ಸೋದರಮಾವ ತಮ್ಮ ಎಲೆಕ್ಟ್ರಿಕ್ ಕಾರಿನ ಹಿಂದಿನ ಸೀಟುಗಳನ್ನು ಬಿಚ್ಚಿಸಿದರು. ಕಾರು ಕೊಂಡು ಆಗ ಎರಡು ತಿಂಗಳೂ ಆಗಿರಲಿಲ್ಲ. ಸೀಟು ಹರಿದಿರಲಿಲ್ಲ, ಮುರಿದಿರಲಿಲ್ಲ. ಮೇಲಿನ ಪ್ಲಾಸ್ಟಿಕ್ ಹೊದಿಕೆ ಕೂಡ ಹಾಗೇ ಇತ್ತು. ಗ್ಯಾರೇಜಿನವನು ಇದನ್ನು ಖಚಿತಪಡಿಸಿದ್ದಾನೆ. ಈಗ ಸೀಟು ಇಲ್ಲವೆಂಬುದನ್ನು ಕಾರಿನೊಳಗೆ ಬಗ್ಗಿ ನೋಡಿ ನಾನೇ ಖಚಿತಪಡಿಸಿಕೊಂಡಿದ್ದೇನೆ.

ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಅದು ಸುದ್ದಿಯಲ್ಲ. ಆದರೆ ನಮ್ಮ ಮಾಮಾ ಸುರಕ್ಷತೆಗಾಗಿ ಜೀವ ಬೇಕಾದರೂ ಕೊಡುವ ಮನುಷ್ಯ. ಸಿಮೆಂಟ್ ಕಾರ್ಖಾನೆಯ ಸುರಕ್ಷತಾ ವಿಭಾಗದಲ್ಲಿ ದುಡಿದು ನಿವೃತ್ತರಾಗಿ ಸೇಡಂನಲ್ಲಿ ಮನೆ ಮಾಡಿದ್ದಾರೆ. ಕಾರ್ಖಾನೆ ಅವರನ್ನು ಬಿಟ್ಟಿದೆ, ಅವರು ಕಾರ್ಖಾನೆಯನ್ನು ಬಿಟ್ಟಿಲ್ಲ. ಅಟ್ಟದ ಮೇಲಿನ ಉಪ್ಪಿನಕಾಯಿ ಭರಣಿ ಇಳಿಸಲು ಹೆಲ್ಮೆಟ್ ಹಾಕುತ್ತಾರೆ. ಮದುವೆಗೆ ಹೋದರೆ ವಧುವರರಿಗಿಂತ ಮೊದಲು ಮಂಟಪದ ಹೊರಬಾಗಿಲು ಎಲ್ಲಿದೆ ಎಂದು ನೋಡುತ್ತಾರೆ. ಅಡುಗೆಮನೆಯ ಗೋಡೆಗೆ ‘ಅಪಘಾತವಿಲ್ಲದ ದಿನಗಳು’ ಎಂಬ ಫಲಕ ಹಾಕಿದ್ದಾರೆ. ದಿನಾ ಬೆಳಿಗ್ಗೆ ಅದರಲ್ಲಿ ಸಂಖ್ಯೆ ಬದಲಿಸುತ್ತಾರೆ. ಒಂದು ದಿನ ಅಲ್ಲಿ ಸೊನ್ನೆ ಕಂಡು ನಾನು ಗಾಬರಿಯಾಗಿ ಏನಾಯಿತೆಂದು ಮಾಮಾರ ಹೆಂಡತಿ, ನಮ್ಮ ಅತ್ತಿಯನ್ನು ಕೇಳಿದೆ.

“ಏನೂ ಆಗಿಲ್ಲಪಾ. ನಿನ್ನೆ ಜಗಳ ಆತು. ನಾನೇ ಬರದೀನಿ,” ಎಂದಳು.

ಇಂಥವರು ಸೀಟು ಬಿಚ್ಚಿಸಿದ್ದೇಕೆ? ಗ್ಯಾರೇಜಿನವನೂ ಕೇಳಿದ್ದನಂತೆ. “ಸಾಹೇಬ್ರ, ಮಂದಿ ಸೀಟ ಹಾಕಸಲಿಕ್ಕ ಬರ್ತಾರ. ತಗಸಲಿಕ್ಕ ಬಂದವರು ನೀವೊಬ್ರೇ ನೋಡ್ರಿ.” ಮಾಮಾ ಅವನಿಗೆ ಮೊದಲು ಕೈಗವಸು ಹಾಕಿಸಿ, ಕೆಳಗೆ ಬ್ಯಾಟರಿ ಇದೆ ಎಂದು ಮೂರು ಸಲ ಎಚ್ಚರಿಸಿ, ಆಮೇಲೆ ಉತ್ತರ ಕೊಟ್ಟರು. “ಹಿಂದ ಕುಂತವರು ಬೆಲ್ಟ ಹಾಕ್ಕೊಳ್ಳಂಗಿಲ್ಲ. ಹೇಳಿ ಹೇಳಿ ನನಗ ಸಾಕಾಗೇದ. ಅಪಾಯ ಎಲ್ಲಿ ಅದನೋ ಅಲ್ಲೇ ತಗೀಬೇಕು. ಸೀಟೇ ಇರಲಿಲ್ಲಂದ್ರ ಯಾರು ಕುಂದರ್ತಾರ?”

ಕಾರ್ಖಾನೆಯ ಸುರಕ್ಷತಾ ಪುಸ್ತಕದ ಪ್ರಕಾರ ಇದು ಸರಿ. ಆದರೆ ಪುಸ್ತಕ ಬರೆದವರು ನಮ್ಮ ಕಡೆಯ ಮಂದಿಯನ್ನು ನೋಡಿರಲಿಲ್ಲ.

ಚಿತ್ತಾಪುರದ ಒಂದು ಮದುವೆಗೆ ಹೊರಟ ದಿನ ಅದು ಗೊತ್ತಾಯಿತು. ಕಾರಿನ ಹಿಂಬಾಗಿಲು ತೆರೆದು ನೋಡಿದ ನಮ್ಮ ಅವ್ವ ಮನೆಯೊಳಗೆ ಹೋಗಿ ಜಮಖಾನ ತಂದು ಹಾಸಿ, ಚಕ್ಕಂಬಕ್ಕಲ ಹಾಕಿ ಕುಳಿತುಬಿಟ್ಟಳು. ಹಿಂದೆಯೇ ಓಣಿಯ ಹೆಂಗಸರು ರೊಟ್ಟಿ ಬುಟ್ಟಿ ಸಮೇತ ಹತ್ತಿದರು. ಸೀಟಿದ್ದಾಗ ಹಿಂದೆ ಮೂವರಿಗೆ ಜಾಗವಿತ್ತು. ತೆಗೆದ ಮೇಲೆ ಏಳು ಮಂದಿ ಕುಳಿತರು.

“ಇಳೀರಿ. ಇದು ನಿಯಮಕ್ಕ ವಿರುದ್ಧ ಅದ,” ಎಂದರು ಮಾಮಾ.

“ನಿಯಮ ಸೀಟಿಗಿತ್ತು. ಸೀಟ ಎಲ್ಲದ ತೋರಸ್ರಿ,” ಎಂದಳು ಬಾಜೂ ಮನೆಯ ಅಜ್ಜಿ. ಪಕ್ಕದಲ್ಲಿ ಸುಮ್ಮನೆ ತೂಗುತ್ತಿದ್ದ ಬೆಲ್ಟನ್ನು ಬಸ್ಸಿನ ಹಿಡಿಕೆಯಂತೆ ಹಿಡಿದುಕೊಂಡಳು. ಹಿರಿಯರನ್ನು ಕೈ ಹಿಡಿದು ಇಳಿಸುವ ಧೈರ್ಯ ಮಾಮಾರಿಗಿಲ್ಲ. ಚಿತ್ತಾಪುರದವರೆಗೆ ಸೈಕಲ್ ವೇಗದಲ್ಲಿ ಓಡಿಸಿದರು. ತೊಗರಿ ಹೇರಿದ ಟ್ರ್ಯಾಕ್ಟರ್ ಒಂದು ನಮ್ಮನ್ನು ಹಿಂದೆ ಹಾಕಿತು. ಕಾರಿನ ಪರದೆಯ ಮೇಲೆ ಕೆಂಪು ದೀಪ ಹೊತ್ತಿಕೊಂಡೇ ಇತ್ತು. ಇಲ್ಲದ ಸೀಟಿನ ಬೆಲ್ಟ್ ಹಾಕಿಲ್ಲವೆಂದು ಅದು ಕುಂಯ್ ಕುಂಯ್ ಅನ್ನುತ್ತಿತ್ತು.

ನನಗೆ ಮಾತ್ರ ನಗು ಬರಲಿಲ್ಲ. ನಾನು ತಾಲ್ಲೂಕು ವರದಿಗಾರ. ಈ ರಸ್ತೆಗಳಲ್ಲಿ ಆದ ಅಪಘಾತಗಳ ಸುದ್ದಿಯನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ವಾಹನ, ಸ್ಥಳ, ಆಸ್ಪತ್ರೆ, ಕೊನೆಗೆ ಹೆಸರುಗಳು. ಆ ಕೊನೆಯ ಸಾಲಿನಲ್ಲಿ ಅವ್ವನ ಹೆಸರು ಬರೆಯುವ ದಿನ ಬರಬಾರದು. ಅದಕ್ಕೆ ಸೀಟು ಕಾರಿಗೆ ಮರಳಬೇಕು. ನನಗೆ ಬೇಕಾದದ್ದು ಇಷ್ಟೇ.

ಮರುವಾರ ಭಂಕೂರಕ್ಕೆ ಹೋಗಿದ್ದೆ. ಅಲ್ಲಿ ನಮ್ಮ ದೊಡ್ಡವ್ವ ಇದ್ದಾಳೆ. ಅವ್ವನಿಗೂ ಮಾಮಾರಿಗೂ ಅಕ್ಕ. ಚಿಕ್ಕಂದಿನಲ್ಲಿ ಮಾಮಾರನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಚಳಿಗಾಲದಲ್ಲಿ ಲಕ್ವಾ ಹೊಡೆದು ಅವಳ ಎಡಗೈ, ಎಡಗಾಲು ಸೋತಿದ್ದವು. ಹೋದಾಗ ಮಾಮಾ ಅಲ್ಲೇ ಇದ್ದರು. ದೊಡ್ಡವ್ವ ಕೌದಿ ಹೊದಿಸಿದ ಸೋಫಾದಲ್ಲಿ ನೆಟ್ಟಗೆ ಕುಳಿತಿದ್ದಳು. ಎದುರಿಗೆ ಅಂಥದೇ ಇನ್ನೊಂದು, ಇಬ್ಬರು ಕೂಡುವಷ್ಟು ದೊಡ್ಡದು. ಅದರ ಮೇಲೆ ಕುಳಿತು, ಚಹಾ ಕೈಯಲ್ಲಿ ಹಿಡಿದು ಮಾಮಾರಿಗೆ ಬುದ್ಧಿ ಹೇಳಿದೆ.

“ಮಾಮಾ, ಹಿಂದ ಕುಂತವರಿಗೆ ಏನರ ಆದ್ರ?”

“ಹಿಂದ ಸೀಟೇ ಇಲ್ಲ. ಕುಂತವರು ಯಾರು?”

“ನೆಲದ ಮ್ಯಾಲ ಕುಂದರ್ತಾರಲ್ರಿ.”

“ನಾ ಯಾರಿಗೂ ಕುಂದ್ರಿ ಅಂದಿಲ್ಲ.”

“ಸೀಟರ ಎಲ್ಲಿಟ್ಟೀರಿ?”

“ಸುರಕ್ಷಿತ ಜಾಗಾದಾಗ ಅವ. ಫಿಕರ್ ಮಾಡಬ್ಯಾಡ.”

ದೊಡ್ಡವ್ವ ಬಲಗೈಯಿಂದ ಕೌದಿಯ ಅಂಚನ್ನು ಸೊಂಟದ ಮೇಲೆ ಎಳೆದುಕೊಂಡು, “ಚಾ ಆರ್ತದ, ಕುಡಿ. ನನ್ನ ತಮ್ಮಗ ಎಲ್ಲಾ ಗೊತ್ತದ,” ಎಂದಳು. ನಾನು ಕುಡಿದು ಬಂದೆ.

ಕೆಲವು ದಿನಗಳಲ್ಲಿ ಚಿಂಚೋಳಿ ಬಳಿಯ ಚಂದಾಪುರದಲ್ಲಿ ಅತ್ತಿಯ ತಂಗಿಯ ಬಸುರಿ ಮಗಳ ಕುಬಸ ಬಂತು. ಮುಂದೆ ಮಾಮಾ ಮತ್ತು ಅತ್ತಿ, ಹಿಂದೆ ಜಮಖಾನದ ಮೇಲೆ ಅವ್ವ, ನಾನು, ಬಾಜೂ ಮನೆಯ ಅಜ್ಜಿ. ಸೇಡಂ ದಾಟಿ ಸ್ವಲ್ಪ ದೂರ ಹೋದ ಮೇಲೆ ರಸ್ತೆಗೆ ಒಂದು ಎಮ್ಮೆ ಬಂತು. ಎಲೆಕ್ಟ್ರಿಕ್ ಕಾರಿಗೆ ಸದ್ದಿಲ್ಲ. ಎಮ್ಮೆಗೆ ನಾವು ಬರುವುದು ತಿಳಿಯಲಿಲ್ಲ, ತಿಳಿದ ಮೇಲೂ ಅದು ಮನಸ್ಸು ಬದಲಿಸಲಿಲ್ಲ. ಮಾಮಾ ಬ್ರೇಕ್ ಒತ್ತಿದರು. ನಾವು ಮೂವರೂ ಜಮಖಾನ ಸಮೇತ ಮುಂದಕ್ಕೆ ಜಾರಿದೆವು. ಅಜ್ಜಿ ನನ್ನ ಮೇಲೆ ಬಿದ್ದಳು. ಶೇಂಗಾ ಹಿಂಡಿಯ ಡಬ್ಬಿ ಅಜ್ಜಿಯ ಮೇಲೆ ಬಿತ್ತು. ಅವ್ವನ ಹಣೆ ಮುಂದಿನ ಸೀಟಿನ ಬೆನ್ನಿಗೆ ಬಡಿಯಿತು.

ಎಮ್ಮೆ ದಾಟಿ ಹೋಯಿತು. ಮಾಮಾ ಇಳಿದು ಹಿಂಬಾಗಿಲು ತೆರೆದರು. ಅವ್ವನ ಹಣೆಯ ಮೇಲೆ ಅಡಿಕೆಯಷ್ಟು ಬುಗುಟು ಎದ್ದಿತ್ತು. ರಕ್ತ ಬಂದಿರಲಿಲ್ಲ.

“ಏನೂ ಆಗಿಲ್ಲೋ. ಕುಬಸಕ್ಕ ತಡಾ ಆಗ್ತದ, ನಡಿ,” ಎಂದಳು ಅವ್ವ.

ಮಾಮಾ ನಡೆಯಲಿಲ್ಲ. ಹಿಂದಿನಿಂದ ಬಂದ ಚಿಂಚೋಳಿ ಬಸ್ಸಿಗೆ ಕೈ ಅಡ್ಡ ಮಾಡಿ ನಿಲ್ಲಿಸಿ, ಅತ್ತಿಯನ್ನೂ ಸೇರಿಸಿ ನಾಲ್ವರನ್ನೂ ಹತ್ತಿಸಿದರು. ತಾವು ಖಾಲಿ ಕಾರು ಓಡಿಸುತ್ತ ಬಸ್ಸಿನ ಹಿಂದೆ ಬಂದರು. ಕಂಡಕ್ಟರ್ ಕಿಟಕಿಯಿಂದ ಎರಡು ಸಲ ಹಣಿಕಿ ನೋಡಿದ.

“ಆ ಕಾರಿನ ಸಾಹೇಬ್ರು ಯಾಕ ನಮ್ಮ ಬೆನ್ನ ಹತ್ಯಾರ್ರಿ?”

“ನಮ್ಮವರೇ. ಕಾರಿನಾಗ ಸೀಟಿಲ್ರಿ,” ಎಂದಳು ಅತ್ತಿ.

“ಇಲ್ಲೂ ಇಲ್ರಿ,” ಎಂದ ಕಂಡಕ್ಟರ್. ಅವ್ವನಿಗೂ ಅಜ್ಜಿಗೂ ಯಾರೋ ಎದ್ದು ಜಾಗ ಕೊಟ್ಟರು. ಅತ್ತಿ ಮತ್ತು ನಾನು ಚಿಂಚೋಳಿಯವರೆಗೆ ನಿಂತೇ ಹೋದೆವು. ಅಂದು ನಿಂತದ್ದು ನನಗೆ ದಣಿವೆನಿಸಲಿಲ್ಲ. ಬುಗುಟಿನ ಸುದ್ದಿಯನ್ನು ಯಾವ ಪತ್ರಿಕೆಯೂ ಹಾಕುವುದಿಲ್ಲವಲ್ಲ!

ಮರುದಿನ ಬೆಳಿಗ್ಗೆ ಮಾಮಾ ಮನೆಗೆ ಬಂದು, “ಭಂಕೂರಿಗೆ ನಡಿ. ಎತ್ತಲಿಕ್ಕ ಒಬ್ಬರು ಬೇಕು,” ಎಂದರು. ಏನನ್ನು ಎತ್ತಬೇಕು ಎಂದು ಹೇಳಲಿಲ್ಲ. ದೊಡ್ಡವ್ವನ ಮನೆಯಲ್ಲಿ ಎದುರಿನ ದೊಡ್ಡ ಸೋಫಾದ ಕೌದಿ ಎಳೆದರು. ಕೆಳಗೆ ಹೊಸ ಪ್ಲಾಸ್ಟಿಕ್ ಹೊದಿಕೆ ಹಾಗೇ ಇತ್ತು. ವಿಷಯ ಕಣ್ಣಿಗೆ ಬಿದ್ದರೆ ಬಿಡುವವನಲ್ಲ ಎಂದು ಹೆಸರು ಮಾಡಿದ ವರದಿಗಾರ, ಕಾಣೆಯಾದ ಸೀಟಿನ ಮೇಲೆಯೇ ಕುಳಿತು ಚಹಾ ಕುಡಿಯುತ್ತ ಸೀಟು ಎಲ್ಲಿ ಎಂದು ಕೇಳಿ ಬಂದಿದ್ದ.

ದೊಡ್ಡವ್ವನ ಕೌದಿಯನ್ನು ಮಾಮಾ ಮುಟ್ಟಲಿಲ್ಲ. ಅವಳೇ ಬಲಗೈಯಿಂದ ಸರಿಸಿದಳು. ಅದೂ ಕಾರಿನದೇ, ಒಬ್ಬರೇ ಕೂಡುವ ಸಣ್ಣ ಸೀಟು, ಕೆಳಗೆ ನೆಲಕ್ಕೆ ಬೋಲ್ಟ್ ಹಾಕಿದ ಮರದ ಚೌಕಟ್ಟು. ಅವಳ ಸೊಂಟದ ಸುತ್ತ ಒಂದು ಅಗಲ ಪಟ್ಟಿ. ಕಾರ್ಖಾನೆಯಲ್ಲಿ ಎತ್ತರಕ್ಕೆ ಏರುವಾಗ ಮಾಮಾ ಕಟ್ಟಿಕೊಳ್ಳುತ್ತಿದ್ದ ಬೆಲ್ಟ್ ಅದು. ಹೊಲಿಗೆಯ ಸಂದಿಯಲ್ಲಿ ಇನ್ನೂ ಸಿಮೆಂಟಿನ ಬೂದಿ ಬಣ್ಣ ಇತ್ತು.

“ದವಾಖಾನಿಂದ ಬಂದ ಮ್ಯಾಲ ಯಾವ ಕುರ್ಚ್ಯಾಗ ಕುಂತ್ರೂ ಎಡಕ್ಕ ವಾಲಿ ಬೀಳ್ತಿದ್ದೆ ನೋಡು,” ಎಂದಳು. “ಕೆಳಗ ಫರ್ಸಿ ಕಲ್ಲು. ಎರಡು ಸಲ ಬಿದ್ದೆ. ಇವನ ಕಾರಿನ ಸೀಟಿನಾಗ ಕುಂತು ಬಂದ ದಿನ ಬೀಳಲಿಲ್ಲ. ಇದ್ರಾಗ ಭಾಳ ಆರಾಮ ಅದ ತಮ್ಮಾ ಅಂದೆ. ಅಂದದ್ದೇ ತಪ್ಪಾತು.”

“ಆ ದೊಡ್ಡ ಸೀಟ ಯಾಕ ತಂದ್ರಿ ಮಾಮಾ?”

“ಒಂದೇ ಇದ್ರ ಎದ್ದು ಕಾಣ್ತದ. ಕಟ್ಟಿ ಕುಂದ್ರಿಸ್ಯಾರ ಅಂತ ಮಂದಿ ಅಂತಾರ. ಎರಡಿದ್ರ ಸೋಫಾ ಸೆಟ್ ಅಂತಾರ,” ಎಂದರು ಮಾಮಾ, ಬೋಲ್ಟ್ ತಿರುಗಿಸುವ ಪಾನಾ ಹುಡುಕುವ ನೆಪದಲ್ಲಿ ಅತ್ತ ತಿರುಗಿ.

ಹೊರಗೆ ಬಂದು ಅವ್ವನಿಗೆ ಫೋನು ಮಾಡಿ ಹೇಳಿದೆ. ಅವಳಿಗೆ ಆಶ್ಚರ್ಯವಾಗಲಿಲ್ಲ.

“ಅಕ್ಕನ ಮನ್ಯಾಗ ಆ ಸೋಫಾ ನೋಡಿದ ಮೊದಲ ದಿನಾನೇ ನನಗ ಗೊತ್ತಾಗೇದ.”

“ಮತ್ತ ಯಾಕ ಹೇಳಲಿಲ್ಲಬೇ? ನೆಲದ ಮ್ಯಾಲ ಕುಂತು ಹಣಿ ಒಡಕೊಂಡಿ.”

“ಅಕ್ಕ ಕೌದಿ ಹಾಸಿ ಮುಚ್ಚ್ಯಾಳ. ನಾ ಯಾಕ ಎತ್ತಲಿ?”

ಆ ಮಧ್ಯಾಹ್ನವೇ ವಾಡಿಯ ಗ್ಯಾರೇಜಿನಲ್ಲಿ ದೊಡ್ಡ ಸೀಟನ್ನು ಕಾರಿಗೆ ಮತ್ತೆ ಕೂಡಿಸಲಾಯಿತು. ಗ್ಯಾರೇಜಿನವನು ಈ ಸಲ ತಾನೇ ಕೈಗವಸು ಹಾಕಿಕೊಂಡ. ಈಗ ಹಿಂದೆ ಇಬ್ಬರು ಬೆಲ್ಟ್ ಹಾಕಿಕೊಂಡು ಕೂಡುತ್ತಾರೆ. ಮೂರನೆಯವರ ಜಾಗದಲ್ಲಿ ರೊಟ್ಟಿ ಬುಟ್ಟಿ ಇರುತ್ತದೆ, ಅದಕ್ಕೂ ಬೆಲ್ಟ್ ಇದೆ. ಜಮಖಾನ ಮನೆಗೆ ಮರಳಿದೆ. ಅವ್ವನ ಬುಗುಟು ವಾರದಲ್ಲಿ ಇಳಿಯಿತು. ಅಡುಗೆಮನೆಯ ಫಲಕದಲ್ಲಿ ಎಮ್ಮೆಯ ದಿನ ಮಾಮಾ ತಾವೇ ಸೊನ್ನೆ ಬರೆದಿದ್ದರು. ಅಲ್ಲಿಂದ ಸಂಖ್ಯೆ ಏರುತ್ತಿದೆ.

ದೊಡ್ಡವ್ವ ಆ ಸಣ್ಣ ಸೀಟಿನಲ್ಲಿ ಕೂಡಲು ತೊಡಗಿದ ಮೇಲೆ ಒಮ್ಮೆಯೂ ಬಿದ್ದಿಲ್ಲ. ಕಳೆದ ಭಾನುವಾರ ಭಂಕೂರಕ್ಕೆ ಹೋಗಿದ್ದೆ. ಅವಳ ಎದುರಿಗೆ, ದೊಡ್ಡ ಸೀಟು ಇದ್ದ ಜಾಗದಲ್ಲಿ, ಮಾಮಾ ಎರಡು ಪ್ಲಾಸ್ಟಿಕ್ ಕುರ್ಚಿ ತಂದಿಟ್ಟಿದ್ದಾರೆ. ಎರಡಕ್ಕೂ ಕೌದಿ ಹೊದಿಸಿದೆ.